ಖರ್ಗೆ: ಗೆಲುವಿನ ಲೆಕ್ಕ, ಕೆಲಸದ ಲೆಕ್ಕ

ಮಲ್ಲಿಕಾರ್ಜುನ ಖರ್ಗೆಯವರ ಬಗ್ಗೆ ಕನ್ನಡದಲ್ಲಿ ಬಂದದ್ದನ್ನೆಲ್ಲ ಗುಡ್ಡೆ ಹಾಕಿ ಓದಿದರೆ ಕೈಗೆ ಉಳಿಯುವುದು ಎರಡೇ ಮಾತು. ಅವರು ಸೋಲಿಲ್ಲದ ಸರದಾರ ಎನ್ನುವುದು ಒಂದು. ಮುಖ್ಯಮಂತ್ರಿ ಪಟ್ಟ ಅವರಿಗೆ ಮೂರು ಸಲ ಕೈತಪ್ಪಿತು ಎನ್ನುವುದು ಇನ್ನೊಂದು. ಮೊದಲನೆಯದನ್ನು ಅಭಿಮಾನಿಗಳು ಕಟೌಟುಗಳ ಮೇಲೆ ಬರೆಸಿದರು. ಎರಡನೆಯದನ್ನು ಪತ್ರಿಕೆಗಳು ಪ್ರತಿ ಚುನಾವಣೆ ಮುಗಿದಾಗಲೂ ಹೊಸ ಸುದ್ದಿಯೆಂಬಂತೆ ಅಚ್ಚು ಹಾಕಿದವು. ಒಂದರಲ್ಲಿ ಹೆಮ್ಮೆ, ಇನ್ನೊಂದರಲ್ಲಿ ಮರುಕ. ಅರ್ಧ ಶತಮಾನ ದಾಟಿದ ರಾಜಕೀಯ ಬದುಕನ್ನು ಓದಿ ತೂಗುವ ಶ್ರಮದಿಂದ ಈ ಎರಡೂ ನಮ್ಮನ್ನು ಪಾರು ಮಾಡಿಬಿಟ್ಟಿವೆ.

ನನಗೆ ಈ ಎರಡು ಮಾತುಗಳ ಮೇಲೂ ತಕರಾರಿದೆ. ಅವು ಸುಳ್ಳು ಎಂದಲ್ಲ, ಅಳತೆಗೋಲೇ ತಪ್ಪು. ಖರ್ಗೆಯವರ ಶಾಸಕ ಬದುಕಿನಲ್ಲಿ ನಿಜಕ್ಕೂ ತೂಕವಿರುವ ಕೆಲಸ ನಡೆದದ್ದು ಮೊದಲ ಹತ್ತು ವರ್ಷದಲ್ಲಿ. ಆಗ ಅವರು ಇನ್ನೂ ಯಾವ ಸರದಾರರೂ ಆಗಿರಲಿಲ್ಲ, ಅವರ ಹೆಸರನ್ನು ಮುಖ್ಯಮಂತ್ರಿ ಪಟ್ಟಿಯಲ್ಲಿ ಯಾರೂ ಬರೆದಿರಲಿಲ್ಲ. ಹೆಸರು ಬೆಳೆದ ಮೇಲಿನ ದಶಕಗಳಲ್ಲಿ ಗೆಲುವು ಬಂತು, ಖಾತೆಗಳು ಬಂದವು, ಮಾಡಿ ತೋರಿಸಿದ್ದು ಮಾತ್ರ ಹೆಸರಿಗೆ ತಕ್ಕಷ್ಟು ಬರಲಿಲ್ಲ. ನಾವು ಹೊಗಳಿದ್ದು ಅವರ ಸಣ್ಣ ಸಾಧನೆಯನ್ನು, ಮರುಗಿದ್ದು ಅಷ್ಟೇನೂ ಬದಲಾವಣೆ ತರದಿದ್ದ ಒಂದು ಕುರ್ಚಿಗಾಗಿ.

ಮೊದಲು ಗೆಲುವಿನ ವಿಚಾರ. 1972ರಲ್ಲಿ ಗುರುಮಠಕಲ್ ಕ್ಷೇತ್ರದಿಂದ ವಿಧಾನಸಭೆಗೆ ಬಂದ ಖರ್ಗೆಯವರು 1978, 1983, 1985, 1989, 1994, 1999 ಮತ್ತು 2004ರಲ್ಲಿ ಅಲ್ಲಿಂದಲೇ ಗೆದ್ದರು. ಕ್ಷೇತ್ರ ಮರುವಿಂಗಡಣೆಯಲ್ಲಿ ಗುರುಮಠಕಲ್ ಸಾಮಾನ್ಯ ಕ್ಷೇತ್ರವಾಗಿ ಚಿತ್ತಾಪುರ ಮೀಸಲಾದಾಗ 2008ರಲ್ಲಿ ಚಿತ್ತಾಪುರಕ್ಕೆ ಹೋಗಿ ಅಲ್ಲೂ ಗೆದ್ದರು. ಒಟ್ಟು ಒಂಬತ್ತು, ಒಂದೂ ಬಿಡದೆ. ಅದರ ಮೇಲೆ 2009 ಮತ್ತು 2014ರ ಲೋಕಸಭೆ. ಈ ಸಾಲಿನಲ್ಲಿ ಕೆಲವು ವರ್ಷಗಳು ಸುಲಭದವಲ್ಲ. 1983ರಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಿತು. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷದ ಮುಂದೆ 65 ಸ್ಥಾನಕ್ಕೆ ಇಳಿಯಿತು. 1994ರಲ್ಲಂತೂ 34ಕ್ಕೆ ಕುಸಿದು ಬಿಜೆಪಿಗಿಂತ ಹಿಂದೆ ಬಿತ್ತು. ಆ ಮೂರೂ ಸಲ ಗುರುಮಠಕಲ್ ಖರ್ಗೆಯವರ ಕೈಬಿಡಲಿಲ್ಲ. ಇದನ್ನು ಕ್ಷುಲ್ಲಕ ಎನ್ನುವವನು ಚುನಾವಣೆಯನ್ನೇ ನೋಡಿಲ್ಲ.

ಆದರೆ ಗೆಲುವು ಶಾಸಕನ ಬಗ್ಗೆ ಹೇಳುವುದು ಒಂದನ್ನೇ: ಜನ ಇವನನ್ನು ನಂಬಿದರು. ನಂಬಿದ ಜನಕ್ಕೆ ಏನು ದಕ್ಕಿತು ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಬೇರೆ ಕಾಗದಗಳನ್ನು ನೋಡಬೇಕು.

ಆ ಕಾಗದಗಳಲ್ಲಿ ಮುಖ್ಯವಾದದ್ದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ. ಎಸ್.ಎಂ. ಕೃಷ್ಣ ಸರ್ಕಾರ ನೇಮಿಸಿದ ಈ ಸಮಿತಿ 2002ರಲ್ಲಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಗುಲಬರ್ಗಾ ವಿಭಾಗದವು. ಗುರುಮಠಕಲ್ ಸೇರಿದ್ದ ಯಾದಗಿರಿ ತಾಲೂಕು ಆ ಕೊನೆಯ ಸಾಲಿನಲ್ಲೇ ಇತ್ತು, ಮುಂದೆ ಖರ್ಗೆಯವರು ಹೋಗಿ ನಿಂತ ಚಿತ್ತಾಪುರವೂ ಅಲ್ಲೇ. ವರದಿ ಬಂದಾಗ ಖರ್ಗೆಯವರು ಶಾಸಕರಾಗಿ ಮೂವತ್ತು ವರ್ಷವಾಗಿತ್ತು, ಅದೇ ಕೃಷ್ಣ ಸಂಪುಟದಲ್ಲಿ ಗೃಹ ಸಚಿವರಾಗಿದ್ದರು. ಒಂಬತ್ತು ವರ್ಷದ ಮೇಲೆ ಬಂದ 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83. ಇಡೀ ರಾಜ್ಯದಲ್ಲಿ ಕಟ್ಟಕಡೆ. ರಾಜ್ಯದ ಸರಾಸರಿ ಆಗ ಶೇ. 75.36.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ನಿಜಾಮನ ಕಾಲದಿಂದ ಬಂದ ಹಿಂದುಳಿದಿರುವಿಕೆಯನ್ನು ಒಬ್ಬ ಶಾಸಕನ ತಲೆಗೆ ಕಟ್ಟುವುದು ಯಾವ ನ್ಯಾಯ? ಉರ್ದು ಮಾಧ್ಯಮದ ಆಡಳಿತ, ಬೆರಳೆಣಿಕೆಯ ಶಾಲೆಗಳು, ಜಾಗೀರದಾರಿ, ಆಮೇಲೆ ಬೆಂಗಳೂರಿನಲ್ಲಿ ಕೂತ ಬಜೆಟ್ಟು. ಕ್ಷೇತ್ರದ ಶಾಸಕ ಕೊಳವೆಬಾವಿಗೆ, ರಸ್ತೆಗೆ, ವರ್ಗಾವಣೆಗೆ ಪತ್ರ ಬರೆಯಬಲ್ಲ. ಒಂದು ಸೀಮೆಯ ಹಣೆಬರಹ ಬದಲಿಸಲಾರ. ಒಪ್ಪುತ್ತೇನೆ. ಆದರೆ ಖರ್ಗೆಯವರು ಬರೀ ಶಾಸಕರಾಗಿರಲಿಲ್ಲ. ವಿಧಾನಸಭೆಯಲ್ಲಿ ಕಳೆದ 37 ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧ ಕಾಲ ಮಂತ್ರಿ. ಪ್ರಾಥಮಿಕ ಶಿಕ್ಷಣ, ಗ್ರಾಮೀಣಾಭಿವೃದ್ಧಿ, ಕಂದಾಯ, ಕೈಗಾರಿಕೆ, ಗೃಹ, ಸಾರಿಗೆ, ಜಲಸಂಪನ್ಮೂಲ. ಬಡ ತಾಲೂಕೊಂದಕ್ಕೆ ಬೇಕಾದ ಖಾತೆಗಳ ಪಟ್ಟಿ ಬರೆಯಲು ಕೂತರೆ ಇದಕ್ಕಿಂತ ಹೆಚ್ಚೇನೂ ಬರೆಯಲಾಗದು. ಹಾಗಾಗಿ ಪ್ರಶ್ನೆ ಕೇಳಬಹುದು. ಕೇಳದೆ ಇದ್ದದ್ದೇ ಆಶ್ಚರ್ಯ.

‘ಸೋಲಿಲ್ಲದ ಸರದಾರ’ ಎಂಬ ಬಿರುದಿನ ಪೊಳ್ಳುತನ ಬಯಲಾದದ್ದು 2019ರಲ್ಲಿ. ಗುಲಬರ್ಗಾ ಲೋಕಸಭಾ ಕ್ಷೇತ್ರದಲ್ಲಿ ಬಿಜೆಪಿಯ ಉಮೇಶ ಜಾಧವ್ ಅವರ ಎದುರು ಖರ್ಗೆಯವರು 95,452 ಮತಗಳಿಂದ ಸೋತರು. ಮೋದಿ ಅಲೆ ಎಂದು ಎಲ್ಲರೂ ಕೈತೊಳೆದುಕೊಂಡರು. ಅಲೆ ಇತ್ತು, ಸರಿ. ಆದರೆ 2014ರಲ್ಲೂ ಇತ್ತಲ್ಲ, ಆಗ ಯಾಕೆ ಸೋಲಲಿಲ್ಲ? ನಡುವಿನ ಐದು ವರ್ಷದಲ್ಲಿ ಏನಾಯಿತೆಂದು ಕಲಬುರಗಿಯ ಚಹಾದಂಗಡಿಯಲ್ಲಿ ಕೇಳಿದರೂ ಹೇಳುತ್ತಾರೆ. 2016ರ ಸಂಪುಟ ಪುನಾರಚನೆಯಲ್ಲಿ ಅದೇ ಜಿಲ್ಲಾ ರಾಜಕಾರಣದ ಖಮರುಲ್ ಇಸ್ಲಾಂ ಮತ್ತು ಬಾಬುರಾವ ಚಿಂಚನಸೂರ ಮಂತ್ರಿಗಿರಿ ಕಳೆದುಕೊಂಡರು. ಮೊದಲ ಬಾರಿಗೆ ಶಾಸಕರಾಗಿದ್ದ ಮಗ ಪ್ರಿಯಾಂಕ್ ಖರ್ಗೆ ಮಂತ್ರಿಯಾದರು. 2018ರಲ್ಲಿ ಅಫಜಲಪುರದ ಮಾಲೀಕಯ್ಯ ಗುತ್ತೇದಾರ ಬಿಜೆಪಿಗೆ ಹೋದರು, ಚಿಂಚನಸೂರರೂ ಹೋದರು. ಚಿಂಚೋಳಿಯಲ್ಲಿ ಎರಡು ಸಲ ಕಾಂಗ್ರೆಸ್ಸಿನಿಂದ ಗೆದ್ದಿದ್ದ ಜಾಧವ್ 2019ರ ಮಾರ್ಚಿನಲ್ಲಿ ಅದೇ ದಾರಿ ಹಿಡಿದರು. ಮಗನಿಗೆ ಹಾಸಿದ ಜಮಖಾನೆಯ ಮೇಲೆ ತಮಗೆ ಜಾಗವಿಲ್ಲ ಎಂಬ ಅವರ ಅಸಮಾಧಾನ ಗುಟ್ಟಿನದಾಗಿರಲಿಲ್ಲ, ಬಹಿರಂಗ ಸಭೆಗಳಲ್ಲೇ ಆಡಿದರು. ಖರ್ಗೆಯವರನ್ನು ಸೋಲಿಸಿದ್ದು ಅವರದೇ ಮನೆಯಂಗಳದಲ್ಲಿ ಬೆಳೆದವರು.

ಬಗಲಲ್ಲಿದ್ದವರು ಹೊರಟಾಗ ನಿಲ್ಲಿಸುವಂಥ ಸಂಘಟನೆ ಅಲ್ಲಿರಲಿಲ್ಲ. ಇದ್ದದ್ದು ಒಬ್ಬ ವ್ಯಕ್ತಿಯ ವರ್ಚಸ್ಸು. ಗುರುಮಠಕಲ್ಲನ್ನೇ ನೋಡಿ. ಖರ್ಗೆಯವರು ಬಿಟ್ಟ ಮೇಲೆ ಎರಡು ಸಲ ಕಾಂಗ್ರೆಸ್ ಗೆದ್ದಿತು. 2018ರಲ್ಲಿ ಜೆಡಿಎಸ್‌ನ ನಾಗನಗೌಡ ಕಂದಕೂರ ಗೆದ್ದರು. 2023ರಲ್ಲಿ, ರಾಜ್ಯದಲ್ಲೆಲ್ಲ ಕಾಂಗ್ರೆಸ್ ಗಾಳಿ ಬೀಸುವಾಗ, ಖರ್ಗೆಯವರು ಪಕ್ಷದ ರಾಷ್ಟ್ರೀಯ ಅಧ್ಯಕ್ಷರಾಗಿರುವಾಗ, ಅವರು ಎಂಟು ಸಲ ಗೆದ್ದ ಕ್ಷೇತ್ರ ಮತ್ತೆ ಜೆಡಿಎಸ್ ಪಾಲಾಯಿತು. ಚಿತ್ತಾಪುರದಲ್ಲೂ ಅಷ್ಟೆ; ಖರ್ಗೆಯವರು ಲೋಕಸಭೆಗೆ ಹೋಗಿ ತೆರವಾದ ಸ್ಥಾನಕ್ಕೆ ನಡೆದ 2009ರ ಉಪಚುನಾವಣೆಯಲ್ಲಿ ಮತದಾರರು ಮಗನನ್ನು ಸೋಲಿಸಿದರು. ಎಂದರೆ ಗೆಲುವುಗಳು ಖರ್ಗೆಯವರ ಸ್ವಂತದವು, ನಿಜ. ಆದರೆ ಕಟ್ಟಿಕೊಟ್ಟು ಹೋಗುವಂಥವಲ್ಲ. 2024ರಲ್ಲಿ ಕಲಬುರಗಿಯ ಲೋಕಸಭಾ ಸ್ಥಾನವನ್ನು ಕಾಂಗ್ರೆಸ್ ಮರಳಿ ಪಡೆದಾಗ ಅಭ್ಯರ್ಥಿ ಯಾರು? ಅಳಿಯ ರಾಧಾಕೃಷ್ಣ ದೊಡ್ಡಮನಿ. ಅಷ್ಟು ದೊಡ್ಡ ಜಿಲ್ಲೆಯಲ್ಲಿ ಐವತ್ತು ವರ್ಷ ನಾಯಕರಾಗಿದ್ದವರಿಗೆ ಮನೆಯ ಹೊರಗೆ ಒಬ್ಬ ಉತ್ತರಾಧಿಕಾರಿ ಸಿಗಲಿಲ್ಲ ಎಂಬುದನ್ನು ಅಭಿನಂದನೆಯ ಮಾತುಗಳಲ್ಲಿ ಯಾರೂ ಹೇಳುವುದಿಲ್ಲ. (ಅಂದಹಾಗೆ, ಸೋಲಿಸಿದ ಗುತ್ತೇದಾರ, ಚಿಂಚನಸೂರ ಇಬ್ಬರೂ ಅಷ್ಟರಲ್ಲಿ ಕಾಂಗ್ರೆಸ್ಸಿಗೆ ವಾಪಸು ಬಂದಿದ್ದರು. ಕಲಬುರಗಿ ರಾಜಕಾರಣದಲ್ಲಿ ಮುನಿಸಿಗೂ ವಾಯಿದೆ ಇರುತ್ತದೆ.)

ಇನ್ನು ಕೈತಪ್ಪಿದ ಪಟ್ಟ. 1999, 2004, 2013: ಈ ಮೂರು ಇಸವಿಗಳನ್ನು ಜಪದಂತೆ ಹೇಳುವವರು ಮೂರನ್ನೂ ಒಂದೇ ಅನ್ಯಾಯವೆಂದು ಕಲಸಿಬಿಡುತ್ತಾರೆ. ಬಿಡಿಸಿ ನೋಡಿದರೆ ಮೂರೂ ಬೇರೆ.

1999ರ ನೋವು ನಿಜವಾದದ್ದು. 34 ಜನರ ಸೋತ ಪಕ್ಷವನ್ನು ಸದನದಲ್ಲಿ ವಿರೋಧ ಪಕ್ಷದ ನಾಯಕರಾಗಿ 1996ರಿಂದ ಎಳೆದವರು ಖರ್ಗೆ. ಚುನಾವಣೆಗೆ ಕೆಲವೇ ತಿಂಗಳಿರುವಾಗ ಕೆಪಿಸಿಸಿ ಅಧ್ಯಕ್ಷರಾಗಿ ಬಂದ ಎಸ್.ಎಂ. ಕೃಷ್ಣ ಪಾಂಚಜನ್ಯ ಯಾತ್ರೆ ಮಾಡಿದರು, 132 ಸ್ಥಾನ ಬಂತು, ಮುಖ್ಯಮಂತ್ರಿ ಆದರು. ಇಪ್ಪತ್ತಾರು ವರ್ಷದ ಮೇಲೆ, 2025ರಲ್ಲಿ ವಿಜಯಪುರದ ಸಭೆಯೊಂದರಲ್ಲಿ ಖರ್ಗೆಯವರೇ ಅದನ್ನು ನೆನೆದು ನೊಂದು ಮಾತಾಡಿದರೆಂದರೆ ಗಾಯ ಎಷ್ಟು ಆಳದ್ದೆಂದು ತಿಳಿಯುತ್ತದೆ. 2004ರದ್ದು ಬೇರೆ ಕತೆ. ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಸರ್ಕಾರ ಆಗಬೇಕಾದರೆ ದೇವೇಗೌಡರು ಒಪ್ಪುವ ಹೆಸರು ಬೇಕಿತ್ತು. ಆ ಹೆಸರು ಧರ್ಮಸಿಂಗ್ ಅವರದಾಯಿತು. ಗೆಳೆಯನಿಗೆ ಪಟ್ಟ, ತನಗೆ ಖಾತೆ; ಖರ್ಗೆಯವರು ನುಂಗಿಕೊಂಡರು. 2013ರದ್ದನ್ನು ಅನ್ಯಾಯ ಎನ್ನುವುದು ನನಗೆ ಒಪ್ಪಿಗೆಯಿಲ್ಲ. 2009ರಲ್ಲಿ ಅವರು ವಿರೋಧ ಪಕ್ಷದ ನಾಯಕನ ಸ್ಥಾನ ಬಿಟ್ಟು ದೆಹಲಿಗೆ ಹೋದರು, ಕೇಂದ್ರದಲ್ಲಿ ಕಾರ್ಮಿಕ ಸಚಿವರಾದರು. ಬಿಟ್ಟುಹೋದ ಆ ಸ್ಥಾನದಲ್ಲಿ ಕೂತು, ಗಣಿ ಹಗರಣ ಹಿಡಿದು ಸದನದಲ್ಲಿ ತೊಡೆ ತಟ್ಟಿ, 2010ರಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ ನಡೆದವರು ಸಿದ್ದರಾಮಯ್ಯ. ಗದ್ದೆಯಲ್ಲಿ ಇದ್ದವನಿಗೆ ಸುಗ್ಗಿಯಲ್ಲಿ ಪಾಲು ಹೆಚ್ಚು. ಇದರಲ್ಲಿ ಜಾತಿಯ ಲೆಕ್ಕ ಇರಲಿಲ್ಲ ಎನ್ನುವಷ್ಟು ಮುಗ್ಧತೆ ನನಗಿಲ್ಲ. ಆದರೆ ಜಾತಿಯ ಲೆಕ್ಕ ಒಂದೇ ಇತ್ತು ಎನ್ನುವುದೂ ಓದಿನ ಸೋಮಾರಿತನ.

ಮರುಕದ ಮಾತಿನ ಒಳಗೆ ಇನ್ನೊಂದು ಊಹೆ ಅಡಗಿದೆ: ಅವರು ಮುಖ್ಯಮಂತ್ರಿ ಆಗಿದ್ದರೆ ನಮ್ಮ ಸೀಮೆ ಬದಲಾಗುತ್ತಿತ್ತು. ಗುಲಬರ್ಗಾ ಜಿಲ್ಲೆಯಿಂದ ಮುಖ್ಯಮಂತ್ರಿಗಳು ಬರಲಿಲ್ಲವೇ? ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡು ಸಲ ಆದರು, 1968ರಿಂದ 71, ಮತ್ತೆ 1989-90. ಜೇವರ್ಗಿಯ ಧರ್ಮಸಿಂಗ್ 2004ರಿಂದ 2006. ನಂಜುಂಡಪ್ಪ ವರದಿ ಹೆಸರಿಸಿದ ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ಚಿಂಚೋಳಿಯೂ ಇದೆ, ಜೇವರ್ಗಿಯೂ ಇದೆ. ಮುಖ್ಯಮಂತ್ರಿಯ ಊರಿನ ಹೆಸರಿಗೂ ಆ ಊರಿನ ಕುಡಿಯುವ ನೀರಿಗೂ ಸಂಬಂಧವಿಲ್ಲವೆಂದು ನಮ್ಮ ಕಡೆಯ ಮಂದಿ ಬಹಳ ಹಿಂದೆಯೇ ಅರಿತಿದ್ದಾರೆ. ದಲಿತರೊಬ್ಬರು ಕರ್ನಾಟಕದ ಮುಖ್ಯಮಂತ್ರಿ ಆಗಲಿಲ್ಲವಲ್ಲ ಎಂಬುದು ಬೇರೆಯೇ ಪ್ರಶ್ನೆ, ಗಂಭೀರ ಪ್ರಶ್ನೆ. ಅದು ಘನತೆಗೆ ಸೇರಿದ್ದು, ಅಭಿವೃದ್ಧಿಯ ನೆಪ ಅದಕ್ಕೆ ಬೇಡ. ಬಿ. ಬಸವಲಿಂಗಪ್ಪ, ಬಿ. ರಾಚಯ್ಯ, ಕೆ.ಎಚ್. ರಂಗನಾಥ್ ಅವರ ಹೆಸರುಗಳೂ ಆ ಪ್ರಶ್ನೆಯಲ್ಲಿ ಬರಬೇಕು. ಅದನ್ನು ಒಬ್ಬರ ದುರದೃಷ್ಟದ ಕತೆ ಮಾಡಿದಾಗ ಪ್ರಶ್ನೆಯೇ ಚಿಕ್ಕದಾಗುತ್ತದೆ. ತಮ್ಮನ್ನು ‘ದಲಿತ ಮುಖ್ಯಮಂತ್ರಿ’ ಎಂಬ ಹಣೆಪಟ್ಟಿಯಡಿ ಚರ್ಚಿಸುವುದನ್ನು ಖರ್ಗೆಯವರೇ ಮತ್ತೆಮತ್ತೆ ಆಕ್ಷೇಪಿಸಿದ್ದಾರೆ. ಬರೆಯುವವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಎರಡು ಮಾತುಗಳ ಗದ್ದಲದಲ್ಲಿ ವಿಮರ್ಶೆಗೆ ಸಿಗಬೇಕಾದ ಒಂದು ಇಡೀ ಅಧ್ಯಾಯ ಮುಚ್ಚಿಹೋಗಿದೆ. ಅದು ಗೃಹ ಖಾತೆ. ಪರಿಚಯ ಲೇಖನಗಳು ಇದನ್ನು ಒಂದು ಸಾಲಿನಲ್ಲಿ ದಾಟುತ್ತವೆ. 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ವೀರಪ್ಪನ್ ರಾಜಕುಮಾರ್ ಅವರನ್ನು ಒಯ್ದ. 108 ದಿನ. ಬೆಂಗಳೂರು ಉಸಿರು ಬಿಗಿಹಿಡಿದು ಕೂತ ದಿನಗಳವು. ಸಂಧಾನಕ್ಕೆ ಪತ್ರಕರ್ತರು ಕಾಡಿಗೆ ಹೋದರು, ಎರಡು ರಾಜ್ಯಗಳ ಮುಖ್ಯಮಂತ್ರಿಗಳು ಕೂತು ಮಾತಾಡಿದರು. ವೀರಪ್ಪನ್ ಕಡೆಯವರೆಂದು ಟಾಡಾದಡಿ ಮೈಸೂರಿನಲ್ಲಿ ಬಂಧನದಲ್ಲಿದ್ದವರ ಮೇಲಿನ ಆ ಆರೋಪಗಳನ್ನು ಕೈಬಿಡಲು ರಾಜ್ಯ ಸರ್ಕಾರ ಮುಂದಾಯಿತು. ವೀರಪ್ಪನ್ ತಂಡದ ಕೈಯಲ್ಲಿ ಹತರಾದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ತನಕ ಹೋದರು. ನವೆಂಬರ್ ಮೊದಲ ವಾರದಲ್ಲಿ ನ್ಯಾಯಾಲಯ ಸರ್ಕಾರದ ಕ್ರಮವನ್ನು ತಳ್ಳಿಹಾಕಿತು, ಕಟುವಾಗಿಯೇ.

ಮಗನನ್ನು ಕಳೆದುಕೊಂಡ ಅಪ್ಪ ಒಂದು ಕಡೆ, ನಾಡಿನ ಕಣ್ಮಣಿಯ ಜೀವ ಇನ್ನೊಂದು ಕಡೆ. ಯಾವ ಗೃಹ ಸಚಿವನಿಗೂ ಇದಕ್ಕಿಂತ ಕಷ್ಟದ ಪರೀಕ್ಷೆ ಬರಲಾರದು. ಬಿಟ್ಟುಕೊಟ್ಟದ್ದು ತಪ್ಪು ಎನ್ನುವವರಿಗೂ ಬೇರೆ ದಾರಿ ಇರಲಿಲ್ಲ ಎನ್ನುವವರಿಗೂ ವಾದವಿದೆ. ನನಗೆ ಕಾಡುವುದು ಬೇರೆ: ಆ 108 ದಿನಗಳ ಯಾವ ಕಥನದಲ್ಲೂ ಗೃಹ ಸಚಿವರು ಮುನ್ನೆಲೆಯಲ್ಲಿ ಕಾಣುವುದಿಲ್ಲ. ಕೃಷ್ಣ ಕಾಣುತ್ತಾರೆ, ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಕಾಣುತ್ತಾರೆ, ಕಾಡಿಗೆ ಹೋದ ಪತ್ರಕರ್ತ ಗೋಪಾಲ್ ಕಾಣುತ್ತಾರೆ. ಖರ್ಗೆಯವರಿಗೆ ಶ್ರೇಯವೂ ಇಲ್ಲ, ದೂಷಣೆಯೂ ಇಲ್ಲ. ಎರಡು ವರ್ಷದ ಮೇಲೆ, 2002ರ ಆಗಸ್ಟಿನಲ್ಲಿ, ಮಾಜಿ ಸಚಿವ ಎಚ್. ನಾಗಪ್ಪನವರನ್ನು ಅದೇ ವೀರಪ್ಪನ್ ಅಪಹರಿಸಿದ. ಡಿಸೆಂಬರಿನಲ್ಲಿ ಕಾಡಿನಲ್ಲಿ ಹೆಣ ಸಿಕ್ಕಿತು. ಮೊದಲ ಅಪಹರಣದಿಂದ ಕಲಿತದ್ದೇನು ಎಂಬ ಪ್ರಶ್ನೆಯನ್ನು ಗೃಹ ಸಚಿವರಿಗೆ ಯಾರಾದರೂ ಕೇಳಲೇಬೇಕಿತ್ತು. ಎರಡನ್ನೂ ದಾಟಿ ಅವರು 2004ರಲ್ಲಿ ಗುರುಮಠಕಲ್ಲಿನಲ್ಲಿ ಗೆದ್ದರು. ಇಂಥ ಪ್ರಶ್ನೆಗಳಿಂದ ತಪ್ಪಿಸಿಕೊಂಡು ನಿಲ್ಲುವುದೂ ಒಂದು ಕಲೆ. ದೀರ್ಘಕಾಲ ಬಾಳುವ ಶಾಸಕರಿಗೆಲ್ಲ ಅದು ಗೊತ್ತಿರುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಇದು ಬರೀ ಬೈಗುಳ ಆದೀತು. ಖರ್ಗೆಯವರಲ್ಲಿ ನಿಜವಾಗಿ ಮೆಚ್ಚಬೇಕಾದದ್ದು ಎಲ್ಲಿದೆ ಎಂದು ತೋರಿಸುವುದಕ್ಕಾಗಿಯೇ ಇಷ್ಟೂ ಹೇಳಬೇಕಾಯಿತು.

1942ರಲ್ಲಿ ಬೀದರ ಜಿಲ್ಲೆ ಭಾಲ್ಕಿ ತಾಲೂಕಿನ ವರವಟ್ಟಿಯಲ್ಲಿ ಹುಟ್ಟಿದವರು. 1948ರ ರಜಾಕಾರರ ಹಾವಳಿಯಲ್ಲಿ ಮನೆಗೆ ಬೆಂಕಿ ಬಿದ್ದು ತಾಯಿ ತೀರಿದರು. ತಂದೆಯ ಕೈಹಿಡಿದು ಊರು ಬಿಟ್ಟ ಹುಡುಗ ಗುಲಬರ್ಗಾ ಸೇರಿದ. ಈ ದುರಂತವನ್ನು ಅವರು ದಶಕಗಳ ಕಾಲ ವೋಟಿನ ಸಂತೆಗೆ ತರಲಿಲ್ಲ ಎಂಬುದನ್ನು ಗಮನಿಸಬೇಕು, ಇವತ್ತಿನ ರಾಜಕಾರಣದಲ್ಲಿ ಅದು ಸಣ್ಣ ಸಂಯಮವಲ್ಲ. ಕಾನೂನು ಓದಿದರು, ನ್ಯಾಯವಾದಿ ಶಿವರಾಜ ಪಾಟೀಲರ ಕೈಕೆಳಗೆ ಕಿರಿಯ ವಕೀಲರಾದರು. ಎಂಎಸ್‌ಕೆ ಮಿಲ್ಲಿನ ಕಾರ್ಮಿಕರ ಸಂಘಕ್ಕೆ ಕಾನೂನು ಸಲಹೆಗಾರರಾದರು. 1969ರಲ್ಲಿ ಕಾಂಗ್ರೆಸ್ ಸೇರಿದರು. ಸಭೆಯಲ್ಲಿ ಗುಡುಗುವ ನಾಯಕನ ತರಬೇತಿಗಿಂತ ಕಡತ ಓದುವವನ, ಕಲಮು ಹಿಡಿದು ವಾದಿಸುವವನ ತರಬೇತಿ ಇದು. ಮುಂದಿನ ಹತ್ತು ವರ್ಷ ಅದೇ ಕೆಲಸಕ್ಕೆ ಬಂತು.

ದೇವರಾಜ ಅರಸರು ಈ ಹೊಸ ಶಾಸಕನಿಗೆ ಮೊದಲು ಕೊಟ್ಟದ್ದು 1973ರಲ್ಲಿ ಜಕಾತಿ ರದ್ದತಿ ಸಮಿತಿಯ ಅಧ್ಯಕ್ಷಗಿರಿ. ಕೇಳಲು ಬೇಸರ ತರಿಸುವ ವಿಷಯ. ಆದರೆ ಪಟ್ಟಣದ ನಾಕಾಗಳಲ್ಲಿ ಕಾಯಿಪಲ್ಯದ ಗಾಡಿಯಿಂದ ಹತ್ತಿಯ ಲಾರಿಯವರೆಗೆ ಎಲ್ಲರೂ ಕೈ ಬೆಚ್ಚಗೆ ಮಾಡಿ ದಾಟುತ್ತಿದ್ದ ಕಾಲ ಅದು. ಆ ದಶಕ ಮುಗಿಯುವುದರೊಳಗೆ ರಾಜ್ಯದಲ್ಲಿ ಜಕಾತಿ ಹೋಯಿತು. 1974ರಲ್ಲಿ ಸರ್ಕಾರಿ ಚರ್ಮೋದ್ಯಮ ನಿಗಮದ ಅಧ್ಯಕ್ಷಗಿರಿ. 1976ರಲ್ಲಿ ಪ್ರಾಥಮಿಕ ಶಿಕ್ಷಣದ ರಾಜ್ಯ ಸಚಿವ. ಇಲ್ಲಿ ಅವರ ಕೈಯಿಂದ ಆದ ಕೆಲಸ ನನ್ನ ಪ್ರಕಾರ ಅವರ ಇಡೀ ಬದುಕಿನಲ್ಲೇ ದೊಡ್ಡದು: ಪರಿಶಿಷ್ಟ ಜಾತಿ, ಪಂಗಡಗಳ ಶಿಕ್ಷಕರಿಗೆ ಸಲ್ಲಬೇಕಾಗಿ ವರ್ಷಗಟ್ಟಲೆ ಖಾಲಿ ಬಿದ್ದಿದ್ದ 16,000ಕ್ಕೂ ಹೆಚ್ಚು ಬ್ಯಾಕ್‌ಲಾಗ್ ಹುದ್ದೆಗಳ ಭರ್ತಿ. ಜೊತೆಗೆ ಪರಿಶಿಷ್ಟರು ನಡೆಸುವ ಶಿಕ್ಷಣ ಸಂಸ್ಥೆಗಳಿಗೂ ಅನುದಾನ ಸಂಹಿತೆಯಡಿ ಸರ್ಕಾರದ ಹಣ. ಅವರ ಪರಿಚಯಗಳಲ್ಲಿ ಈ ಅಂಕಿ ತಪ್ಪದೆ ಬರುತ್ತದೆ, ಬಂದಷ್ಟೇ ವೇಗದಲ್ಲಿ ಮುಂದಿನ ಸಾಲಿಗೆ ಹೋಗಿಬಿಡುತ್ತದೆ.

ಅಲ್ಲಿ ನಿಲ್ಲಬೇಕು. 1976ರ ಕರ್ನಾಟಕದ ಒಂದು ಹಳ್ಳಿಯಲ್ಲಿ ಹೊಲೆಯರ, ಮಾದಿಗರ ಕೇರಿಯಿಂದ ಬಂದವನೊಬ್ಬ ಮೇಷ್ಟ್ರಾಗಿ ಶಾಲೆಗೆ ಬರುತ್ತಾನೆ ಎಂದರೆ ಏನು? ಬಾವಿಕಟ್ಟೆಗೆ, ಗುಡಿಯ ಹೊಸ್ತಿಲಿಗೆ ಬಿಟ್ಟುಕೊಳ್ಳದ ಊರಿನ ಮಕ್ಕಳು ಅವನೆದುರು ಎದ್ದುನಿಂತು ನಮಸ್ಕಾರ ಹೇಳಬೇಕು. ಅವನ ಮನೆಗೆ ತಿಂಗಳ ಪಗಾರ ಬರುತ್ತದೆ, ಸಾಲಕ್ಕೆ ಗೌಡನ ಕಟ್ಟೆ ಕಾಯಬೇಕಿಲ್ಲ. ಅವನ ಮಕ್ಕಳು ಕಾಲೇಜಿಗೆ ಹೋಗುತ್ತಾರೆ. ಒಂದು ಸರ್ಕಾರಿ ಆದೇಶ ಇಷ್ಟನ್ನು ಮಾಡಬಲ್ಲದು. ಅದನ್ನು ಮಾಡಿಸಲು ಭಾಷಣ ಸಾಕಾಗುವುದಿಲ್ಲ. ಇಲಾಖೆಯಲ್ಲಿ ಕೂತು ಖಾಲಿ ಹುದ್ದೆಗಳ ಪಟ್ಟಿ ತೆಗೆಸಬೇಕು, ಅರ್ಹರಿಲ್ಲ ಎನ್ನುವ ಅಧಿಕಾರಿಯ ಷರಾ ಮುರಿಯಬೇಕು, ಹಣಕಾಸು ಇಲಾಖೆಯ ತಕರಾರು ದಾಟಬೇಕು.

ಇದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು, ಬಸವಲಿಂಗಪ್ಪನವರದು. ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ನಿಷೇಧ ತಂದ ಮಂತ್ರಿ ಅವರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದು ಆಡಿದ ಮಾತಿಗೆ ರಾಜ್ಯವೆಲ್ಲ ಹೊತ್ತಿ ಉರಿದು, ಮಂತ್ರಿಗಿರಿ ಬಿಡಬೇಕಾಯಿತು. ಆ ಕಿಚ್ಚಿನಿಂದಲೇ ದಲಿತ ಚಳವಳಿಗೆ ಕಾವು ಬಂತು. ಬಸವಲಿಂಗಪ್ಪ ಕುರ್ಚಿ ಕಳೆದುಕೊಂಡು ಒಂದು ತಲೆಮಾರನ್ನು ಎಬ್ಬಿಸಿದರು. ಖರ್ಗೆ ಐವತ್ತು ವರ್ಷದಲ್ಲಿ ಅಂಥ ಒಂದು ಮಾತನ್ನೂ ಆಡಲಿಲ್ಲ. ಕುರ್ಚಿಯಲ್ಲಿ ಕೂತು ಹುದ್ದೆ ತುಂಬಿಸಿದರು. ಯಾವುದು ದೊಡ್ಡದು ಎಂದು ತಕ್ಕಡಿ ಹಿಡಿಯಲು ನಾನು ಸಿದ್ಧನಿಲ್ಲ. ಆದರೆ ಸೋಲದೆ ಉಳಿಯುವುದಕ್ಕೂ ಯಾರನ್ನೂ ಕೆಣಕದಿರುವುದಕ್ಕೂ ಇರುವ ನಂಟನ್ನು ನೋಡದೆ ಸೋಲಿಲ್ಲದ ಸರದಾರ ಎಂದು ಕುಣಿಯುವುದು ಬಸವಲಿಂಗಪ್ಪನವರಿಗೆ ಮಾಡುವ ಅಪಚಾರ.

ಹುದ್ದೆ, ಸೀಟು, ಆದೇಶ. ಖರ್ಗೆಯವರ ಕೈಚಳಕವಿದ್ದದ್ದು ಇಲ್ಲೇ, ಮಿತಿ ಇದ್ದದ್ದೂ ಇಲ್ಲೇ. 1980ರಲ್ಲಿ ಗುಂಡೂರಾವ್ ಸಂಪುಟದಲ್ಲಿ ಕಂದಾಯ ಖಾತೆಯ ರಾಜ್ಯ ಸಚಿವರಾದಾಗ ಭೂನ್ಯಾಯ ಮಂಡಳಿಗಳ ಸಂಖ್ಯೆ ಹೆಚ್ಚಿಸಿ ಬಾಕಿ ಪ್ರಕರಣಗಳಿಗೆ ವೇಗ ಕೊಟ್ಟದ್ದು ಅವರ ಹೆಸರಿಗಿದೆ. ಒಳ್ಳೆಯ ಕೆಲಸ. ಆದರೆ ಅರಸರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಗೇಣಿಗೂ ಗತಿಯಿಲ್ಲದೆ ಕೂಲಿ ಮಾಡುತ್ತಿದ್ದವನು, ಜೀತದಲ್ಲಿದ್ದವನು, ನಮೂನೆ 7ರ ಅರ್ಜಿ ಹಾಕುವ ಸಾಲಿನಲ್ಲೇ ಇರಲಿಲ್ಲ. ಖರ್ಗೆಯವರ ಸೀಮೆಯಲ್ಲಿ ದಲಿತರು ಬಹುಪಾಲು ಆ ಸಾಲಿನ ಹೊರಗಿನವರು. ಆ ಕುಟುಂಬಗಳೇ ಇಂದೂ ತೊಗರಿ ರಾಶಿ ಮುಗಿಯುತ್ತಿದ್ದಂತೆ ಹೈದರಾಬಾದಿಗೆ, ಪುಣೆಗೆ, ಬೆಂಗಳೂರಿಗೆ ಗುಳೆ ಹೊರಡುತ್ತವೆ. ಯಾವ ಕಾರ್ಮಿಕರ ಪರವಾಗಿ ಅವರು ವಕೀಲಿಕೆ ಶುರುಮಾಡಿದರೋ ಆ ಎಂಎಸ್‌ಕೆ ಮಿಲ್ ಮುಚ್ಚಿಹೋಗಿ, ಇವತ್ತು ಕಲಬುರಗಿಯಲ್ಲಿ ಬಡಾವಣೆಯ ಹೆಸರಾಗಿ ಉಳಿದಿದೆ.

ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಕಲಮನ್ನೂ ಇದೇ ಬೆಳಕಿನಲ್ಲಿ ನೋಡಬೇಕು. 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿಯನ್ನು ಖರ್ಗೆಯವರ ಒಬ್ಬರ ಕೊಡುಗೆ ಎಂದು ಬರೆಯುವುದು ರೂಢಿ. ಕೇಂದ್ರ ಸಚಿವರಾಗಿ ದೆಹಲಿಯಲ್ಲಿ ಅವರು ಬೆನ್ನು ಹತ್ತದಿದ್ದರೆ ಅದು ಆಗುತ್ತಿರಲಿಲ್ಲ, ನಿಜ. ಆದರೆ ಆ ಬೇಡಿಕೆಯನ್ನು ಬೀದಿಯಲ್ಲಿ ಜೀವಂತ ಇಟ್ಟವರು ವೈಜನಾಥ ಪಾಟೀಲರು ಮತ್ತು ಹೈದರಾಬಾದ್ ಕರ್ನಾಟಕ ಹೋರಾಟ ಸಮಿತಿ. ಎನ್‌ಡಿಎ ಕಾಲದಲ್ಲಿ ಉಪಪ್ರಧಾನಿ ಅಡ್ವಾಣಿಯವರು ಆಗದು ಎಂದು ಪತ್ರ ಬರೆದ ಮೇಲೂ ಬಿಡದವರು. ಬೀದರ ಸಂಸದರಾಗಿ ಧರ್ಮಸಿಂಗರ ದುಡಿಮೆಯೂ ಅದರಲ್ಲಿದೆ. ಹೋರಾಟಗಾರ ಕೂಗಿದ್ದನ್ನು ಆಡಳಿತದ ಭಾಷೆಗೆ ಇಳಿಸುವುದು, ಸೀಟುಗಳಲ್ಲಿ ಶೇ. 70, ಹುದ್ದೆಗಳಲ್ಲಿ ಶೇ. 75ರಿಂದ 85 ಎಂದು ನಿಯಮವಾಗಿ ಬರೆಸುವುದು, ಇದು ಖರ್ಗೆಯವರು 1976ರಲ್ಲೇ ಕಲಿತ ವಿದ್ಯೆ. 36 ವರ್ಷದ ಮೇಲೆ ಅದನ್ನೇ ದೊಡ್ಡ ಅಳತೆಯಲ್ಲಿ ಮಾಡಿದರು. ಮೀಸಲಾದ ಹುದ್ದೆ ಖಾಲಿ ಬಿದ್ದಾಗ ತುಂಬಿಸುವವರು ಯಾರು ಎಂಬ ಹಳೆಯ ಪ್ರಶ್ನೆ 371(ಜೆ)ಗೂ ಬಂದು ಅಂಟಿಕೊಂಡಿದೆ. ಅದಕ್ಕೆ ಉತ್ತರ ಗೊತ್ತಿರುವ ಮಂತ್ರಿ ಕರ್ನಾಟಕಕ್ಕೆ 1976ರಲ್ಲಿ ಒಬ್ಬರಿದ್ದರು.

ಹಾಗಾಗಿ ಖರ್ಗೆಯವರ ಜೀವನ ಚರಿತ್ರೆ ಬರೆಯುವವರಿಗೆ ನನ್ನದೊಂದು ಕೋರಿಕೆ. ಕಟೌಟಿನ ಬಿರುದನ್ನೂ ಮೂರು ಇಸವಿಗಳ ಪಟ್ಟಿಯನ್ನೂ ಪಕ್ಕಕ್ಕಿಡಿ. ವಿಧಾನಸೌಧದ ಗ್ರಂಥಾಲಯದಲ್ಲಿ ಸದನದ ನಡವಳಿಗಳ ಸಂಪುಟಗಳಿವೆ. 1972ರಿಂದ 83ರವರೆಗಿನವನ್ನು ಮೊದಲು ತೆಗೆಯಿರಿ. ಆಮೇಲೆ ಆ 16,000 ಹುದ್ದೆಗಳಲ್ಲಿ ನೇಮಕವಾದ ಮೇಷ್ಟ್ರು, ಟೀಚರುಗಳನ್ನು ಹುಡುಕಿ. ಇಪ್ಪತ್ತರ ಆಸುಪಾಸಿನಲ್ಲಿ ನೌಕರಿಗೆ ಸೇರಿದವರು ಈಗ ಎಪ್ಪತ್ತು ದಾಟಿದ್ದಾರೆ, ಪಿಂಚಣಿಯಲ್ಲಿದ್ದಾರೆ. ಯಾವ ಊರಿಗೆ ಹಾಕಿದರು, ಬಾಡಿಗೆಗೆ ಮನೆ ಯಾರು ಕೊಟ್ಟರು, ಹಾಜರಿ ಪುಸ್ತಕದ ಪಕ್ಕದ ಕುರ್ಚಿಯಲ್ಲಿ ಯಾರು ಕೂರಲು ಒಪ್ಪಲಿಲ್ಲ, ಮಕ್ಕಳು ಏನಾದರು ಎಂದು ಕೇಳಿ ಬರೆದುಕೊಳ್ಳಿ. ಅವರು ಇರುವಾಗಲೇ.